ನಾಲ್ಕನೆಯ ಬೇರಿಂಗಿನ ಸದ್ದು

ಇದನ್ನು ಬರೆಯುವ ಹಕ್ಕು ನನಗಿದೆಯೇ ಎಂದು ಎರಡು ವರ್ಷ ಯೋಚಿಸಿದ್ದೇನೆ. ಇದೆ ಎಂದು ಖಾತ್ರಿಯಾದದ್ದರಿಂದ ಬರೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ನಾನು ಹತ್ತಿ ಜಿನ್ನಿನಲ್ಲಿ ಎಣ್ಣೆ ಹಾಕುವವನು. ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಮೂವತ್ತು ದಾಟಿದ ಮೇಲೆ. ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೆಂಬುದು ನನಗೆ ಈಗಲೂ ಅನುಮಾನವೇ. ಇದನ್ನು ಹೇಳಬೇಕಾದವರು ಕೊಟ್ರವ್ವನ ಮನೆಯವರು, ಅವರು ಹೇಳುವುದಿಲ್ಲ. ಅವರಿಗೆ ನೋವಾದರೆ ತಪ್ಪು ನನ್ನದು. ಎಲ್ಲಿಯಾದರೂ ನಾನು ನನ್ನನ್ನೇ ಉಳಿಸಿಕೊಳ್ಳಲು ಬರೆದಂತೆ ಕಂಡರೆ ಆ ಸಾಲನ್ನು ನಂಬಬೇಡಿ.

ನಮ್ಮೂರಿನಲ್ಲಿ ಸದ್ದು ಗಾಳಿಯೊಳಗೆ ಇರುವೆಯ ಹಾಗೆ ನಡೆಯುತ್ತದೆ. ಬೆಳಿಗ್ಗೆ ಹೊಲದಲ್ಲಿ ಕೂಗಿದ ನವಿಲು ಮಧ್ಯಾಹ್ನ ಅಂಗಳದಲ್ಲಿ ಕೇಳುತ್ತದೆ. ಮದುವೆಯ ವಾಲಗ ಬೀಗರು ಊರು ಬಿಟ್ಟ ಮೇಲೆ ಓಣಿಗೆ ಬರುತ್ತದೆ. ಗಟ್ಟಿ ವಸ್ತುವಿನಲ್ಲಿ ಮಾತ್ರ, ಅಂದರೆ ಮರ, ಕಬ್ಬಿಣ, ಕಲ್ಲು, ಎಲುಬಿನಲ್ಲಿ, ಅದು ಆ ಕ್ಷಣವೇ ಮುಟ್ಟುತ್ತದೆ. ಹಾಗಾಗಿ ಎಲ್ಲರ ಸೊಂಟದಲ್ಲೂ ಗೇಣುದ್ದದ ಒಂದು ಮಾತುಕೋಲು ಇರುತ್ತದೆ. ಹೇಳುವವರು ಅದರ ಒಂದು ತುದಿಯನ್ನು ಗದ್ದಕ್ಕೆ ಒತ್ತಿಕೊಳ್ಳುತ್ತಾರೆ, ಕೇಳುವವರು ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ. ಜಗಳ ಆಡಬೇಕೆಂದರೂ ಇಬ್ಬರೂ ಕೋಲು ಹಿಡಿಯಲೇಬೇಕು. ಒಬ್ಬರು ಕೈಬಿಟ್ಟರೆ ಜಗಳ ಮುಗಿಯಿತು. ಸಂಜೆ ಶಾಲೆಯಲ್ಲಿ ನಾವು ಇಪ್ಪತ್ತು ಜನ ಒಂದೇ ಉದ್ದ ಹಲಗೆಗೆ ಕಿವಿ ಇಟ್ಟು ಮಲಗಿದವರಂತೆ ಕೂರುತ್ತಿದ್ದೆವು, ಮಾಸ್ತರರು ಇನ್ನೊಂದು ತುದಿಗೆ ಗದ್ದ ಊರಿ ಪಾಠ ಹೇಳುತ್ತಿದ್ದರು. ನಿದ್ದೆ ಮಾಡುವವರು ಯಾರೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಯಾರಾದರೂ ಸತ್ತಾಗ ಅವರು ಗಾಳಿಯಲ್ಲಿ ಆಡಿದ ಕೊನೆಯ ಮಾತು ಇನ್ನೂ ದಾರಿಯಲ್ಲಿರುತ್ತದೆ. ಹತ್ತಿರದವರು ಆ ದಾರಿಯಲ್ಲಿ ನಿಂತು, ಮನೆಯವರು ಹೊಸ್ತಿಲಲ್ಲಿ ನಿಂತು ಅದನ್ನು ಕೇಳುತ್ತಾರೆ. ಅಲುಗದೆ ನಿಲ್ಲಬೇಕು. ಎದುರು ಓಡಿದವನಿಗೆ ಮಾತು ಸಿಗುವುದಿಲ್ಲ, ಚೂರಾಗಿ ಹೋಗುತ್ತದೆ. ಕೇಳಿಸಿಕೊಂಡದ್ದನ್ನು ಬೇರೆಯವರಿಗೆ ಹೇಳುವಂತಿಲ್ಲ. ಮನೆಯವರು ಬೇಕೆಂದರೆ ಹೇಳಬಹುದು.

ನಮ್ಮ ಜಿನ್ನಿನ ಶೆಡ್ಡಿನಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಒಂಬತ್ತು ಯಂತ್ರಗಳು ಒಂದೇ ಸಾಲಿನಲ್ಲಿವೆ. ಹದಿನಾರು ಅಡಿ ಮೇಲೆ, ತಗಡಿನ ಮಾಡಿನ ಅಡಿಯಲ್ಲಿ, ಆ ತುದಿಯಿಂದ ಈ ತುದಿಗೆ ಶಾಫ್ಟು ಎಂಬ ಉದ್ದ ಕಬ್ಬಿಣದ ದಂಡ ತಿರುಗುತ್ತದೆ. ಅದರ ಮೇಲಿನ ಒಂದೊಂದು ಚಕ್ರದಿಂದ ಪ್ರತಿ ಯಂತ್ರಕ್ಕೂ ಒಂದು ಚರ್ಮದ ಪಟ್ಟಾ ಇಳಿದಿದೆ. ಶಾಫ್ಟನ್ನು ಹೊತ್ತಿರುವುದು ಒಂಬತ್ತು ಬೇರಿಂಗು, ಯಂತ್ರಕ್ಕೊಂದು. ಒಂದು ಬೇರಿಂಗು ಒಡೆದರೆ ಶಾಫ್ಟು ಬಾಗಿ, ಅಲ್ಲಿರುವ ಎರಡು ಮಣ ಭಾರದ ಚಕ್ರ ಕಳಚಿ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ. ಕೆಳಗಿರುವವರು ಒಂಬತ್ತು ಹೆಂಗಸರು. ಎಲ್ಲರೂ ಸಾಗವಾನಿಯ ಒಂದೇ ಉದ್ದ ದಿಮ್ಮಿಯ ಮೇಲೆ ಕೂತು ಯಂತ್ರಕ್ಕೆ ಹತ್ತಿ ಉಣಿಸುತ್ತಾರೆ. ಒಬ್ಬಳು ಕೂತಲ್ಲಿ ಮಾತಾಡಿದರೆ ದಿಮ್ಮಿಯ ಮೂಲಕ ಒಂಬತ್ತು ಜನಕ್ಕೂ ಮುಟ್ಟುತ್ತದೆ. ಆ ಸಾಲಿನಲ್ಲಿ ಗುಟ್ಟು ಅನ್ನುವುದೇ ಇಲ್ಲ. ದಿಮ್ಮಿಗೆ ಯಾರಾದರೂ ಹಿಮ್ಮಡಿಯಿಂದ ಎರಡು ಸಲ ಒದ್ದರೆ ಕೇಳದೆ ನೋಡದೆ ಎದ್ದು ಓಡಬೇಕು ಎಂಬುದು ನಿಯಮ.

ಬೇರಿಂಗು ಒಡೆಯುವ ಮುಂಚೆ ಅದರ ಸದ್ದು ಬದಲಾಗುತ್ತದೆ. ಹೆಡ್ ಫಿಟ್ಟರ್ ದಾವಲಸಾಬರು ದಿನಕ್ಕೆರಡು ಬಾರಿ ಏಣಿ ಹತ್ತಿ, ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಮೊನೆಯನ್ನು ಬೇರಿಂಗಿಗೆ ತಾಗಿಸಿ ಕೇಳುತ್ತಿದ್ದರು. ಆ ವರ್ಷದ ಸುಗ್ಗಿ ಶುರುವಾದ ವಾರದಲ್ಲೇ ಅವರ ಅಂಗಿ ಪಟ್ಟಾಕ್ಕೆ ಸಿಕ್ಕಿತು. ಬಿದ್ದು ಸೊಂಟ ಮುರಿಯಿತು. ಶಾಫ್ಟು ತಿರುಗುವಾಗ ಯಾರೂ ಮೇಲೆ ಹತ್ತಕೂಡದೆಂದು ಮ್ಯಾನೇಜರ್ ಇನಾಮದಾರ ಸಾಹೇಬರು ಹುಕುಂ ಮಾಡಿದರು. ಸುಗ್ಗಿಯಲ್ಲಿ ಶಾಫ್ಟು ನಿಲ್ಲುವುದು ಶನಿವಾರ ಒಂದು ತಾಸು ಮಾತ್ರ, ಅದು ಎಣ್ಣೆ ಹಾಕಲಿಕ್ಕೆ. ನಿಂತ ಬೇರಿಂಗಿನಲ್ಲಿ ಸದ್ದಿರುವುದಿಲ್ಲ. ಅಂದರೆ ಒಂಬತ್ತು ಹೆಂಗಸರು ಯಾರೂ ಕಿವಿಗೊಡದ ಬೇರಿಂಗುಗಳ ಕೆಳಗೆ ಕೂತಿದ್ದರು. ಅದು ನನ್ನ ಕೆಲಸವಲ್ಲ, ಆದರೂ ಮೇಲೆ ನೋಡದೆ ಆ ಸಾಲಿನ ಪಕ್ಕ ನಡೆಯಲು ಆಗುತ್ತಿರಲಿಲ್ಲ.

ದಾವಲಸಾಬರ ಮನೆಗೆ ಹೋದೆ. ಹೊರಸಿನ ಮೇಲೆ ಮಲಗಿದ್ದವರು ತಾವೇ ಕೋಲು ಚಾಚಿದರು.

“ಏನ್ ಚನ್ನವೀರ, ಮಾರಿ ನೋಡಿದ್ರ ಸೊಂಟ ಮುರಕೊಂಡಾಂವ ನಾನೋ ನೀನೋ ತಿಳೀವಲ್ದು.”

“ಚಾಚಾ, ಹತ್ತದನ ಕೆಳಗ ನಿಂತು ಕೇಳಾಕ ಬರ್ತೈತೇನ್ರಿ?”

“ಕೋಲು ಉದ್ದ ಇದ್ರ ಬರ್ತೈತಿ. ಕಬ್ಬಿಣದ್ದು ಆದ್ರ ನೀನು ಎತ್ತೂದ್ರಾಗ ಬಾಗಿ ಪಟ್ಟಾದಾಗ ಸಿಗತೈತಿ. ಆಮ್ಯಾಲೆ ನನ್ನ ಬಾಜೂಕ ನಿನಗೂ ಒಂದು ಹೊರಸು ಹಾಕಬೇಕು.”

“ಬಿದಿರು?”

“ಬಿದಿರಿನ ಹೊಟ್ಟಿಯೊಳಗ ಗಾಳಿ ಐತಿ ತಮ್ಮಾ. ಗಾಳಿಯಾಗಿನ ಸದ್ದು ತಡಾ ಮಾಡಿ ಬರತೈತಿ. ಒಳಗ ಟೊಳ್ಳಿಲ್ಲದ ಗಟ್ಟಿ ಬಿದಿರು ಇರತೈತಿ, ಹುಣ್ಣಿವಿ ಸಂತಿಗೆ ಗುಡ್ಡದಾವರು ತರ್ತಾರ. ಅದನ್ನ ತಗೋ.”

ಹುಣ್ಣಿಮೆಗೆ ಇನ್ನೂ ಹದಿನೆಂಟು ದಿನವಿತ್ತು. ನಾನು ಕಾಯಲಿಲ್ಲ. ಹದಿನೆಂಟು ದಿನ ಆ ಹೆಂಗಸರು ಕಾಯುವಂತಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೂ ಇರಬಹುದು. ಆದರೆ ಸಂಜೆ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಕೆಲಸಕ್ಕೆ ಬಂತು ಎಂದು ಯಾರಾದರೂ ಅನ್ನಲಿ ಎಂಬ ಆಸೆಯೂ ಇತ್ತು. ಯಾವುದು ಎಷ್ಟಿತ್ತೋ ಅಳೆಯಲಾರೆ.

ಚಪ್ಪರಕ್ಕೆಂದು ತಂದಿಟ್ಟಿದ್ದ ಟೊಳ್ಳು ಬಿದಿರೊಂದು ಹಿತ್ತಲಲ್ಲಿತ್ತು, ನೇರವಾಗಿತ್ತು. ಕಾಯಿಸಿದ ಸಲಾಕೆಯಿಂದ ಒಳಗಿನ ಗಂಟುಗಳನ್ನೆಲ್ಲ ತೂತು ಮಾಡಿದೆ. ಜೇನುಮೇಣ ಕರಗಿಸಿ, ಅದಕ್ಕೆ ಬಡಗಿಯ ಅಂಗಡಿಯ ಮರದ ಪುಡಿ ಕಲಸಿ, ಗಾಳಿಗೆ ಜಾಗವಿಲ್ಲದಂತೆ ಒಳಗೆಲ್ಲ ತುಂಬಿದೆ. ಮೇಲಿನ ತುದಿಗೆ ನನ್ನ ಹೆಂಡತಿ ನೀಲವ್ವನ ಲಟ್ಟಣಿಗೆಯ ಅರ್ಧವನ್ನು ಬೆಣೆಯಂತೆ ಬಡಿದು ಅದಕ್ಕೊಂದು ದಪ್ಪ ಮೊಳೆ ಕೂರಿಸಿದೆ. ಕೆಳಗಿನ ತುದಿಗೆ ತೆಂಗಿನ ಕರಟ, ಕಿವಿ ಇಡಲಿಕ್ಕೆ.

“ಉಳಿದ ಅರ್ಧಾ ಲಟ್ಟಣಿಗಿ ಯಾಕಿಟ್ಟೀರಿ?” ಎಂದು ನೀಲವ್ವ ಮಾತುಕೋಲು ಹಿಡಿದು ಕೇಳಿದಳು.

“ಒಲಿಗೆ ಹಾಕು.”

“ನಿಮ್ಮ ಬೆನ್ನಿಗೆ ಬೇಕಾಕ್ಕೈತಿ, ಇಟಗೋತೀನಿ.”

ಕೋಲನ್ನು ದಾವಲಸಾಬರ ಮನೆಗೆ ಒಯ್ದು ತೋರಿಸಿದೆ. ಅವರು ಬಿದಿರನ್ನು ಉದ್ದಕ್ಕೂ ಬೆರಳಿನಿಂದ ಬಡಿದು ನೋಡಿದರು. ತುಂಬಿದಂತೆಯೇ ಇತ್ತು. ಗದರಿಸಲಿಲ್ಲ, ಹೊಗಳಲೂ ಇಲ್ಲ. ಚೆನ್ನಾಗಿರುವ ಬೇರಿಂಗು ಮೇವು ತಿಂದು ಮಲಗಿದ ಎಮ್ಮೆಯ ಹಾಗೆ ಉಸಿರಾಡುತ್ತದೆ, ಕೆಟ್ಟದ್ದು ಉಸುಕು ಅಗಿದಂತೆ ಕರಕರ ಅನ್ನುತ್ತದೆ ಎಂದು ಕಲಿಸಿದರು. ನೂರು ಎಣಿಸುವ ತನಕ ಪ್ರತಿಯೊಂದಕ್ಕೂ ಕಿವಿ ಕೊಡಬೇಕು. ನಾನು ನೂರು ಎಣಿಸಿ, ನಡುವೆ ತಪ್ಪಿತೇನೋ ಎಂದು ಮತ್ತೆ ನೂರು ಎಣಿಸುತ್ತಿದ್ದೆ. ಒಂದು ಬೇರಿಂಗಿನಿಂದ ಇನ್ನೊಂದಕ್ಕೆ ಹೋಗಲು ನನಗೆ ನಾಲ್ಕು ನಿಮಿಷ ಬೇಕಾಗುತ್ತಿತ್ತು.

ಮೊದಲ ದಿನ ಹೆಂಗಸರ ನಗು ದಿಮ್ಮಿಯೆಲ್ಲ ನಡುಗುವಷ್ಟಿತ್ತು. ಐದನೆಯ ಯಂತ್ರದ ಮುಂದೆ ಕೂರುವ ಕೊಟ್ರವ್ವ ಆ ಸಾಲಿಗೆ ಹಿರಿಯಳು. ನಲವತ್ತೈದರ ಆಸುಪಾಸು, ಹತ್ತಿಯ ತುಪ್ಪಳ ಕೂತು ಹುಬ್ಬು ಯಾವಾಗಲೂ ಬೆಳ್ಳಗೆ. ನಾನು ದಣಿದು ದಿಮ್ಮಿಯ ಅಂಚಿಗೆ ಕೂತದ್ದೇ ತಡ, ಅವಳ ಮಾತು ನನ್ನ ಬೆನ್ನೆಲುಬಿಗೆ ಬಂತು.

“ಏ ಸಂಜಿಸಾಲಿ, ಆ ಕೋಲು ನನ್ನ ಹೊಟ್ಟಿಗೂ ಹಚ್ಚಿ ನೋಡಪ, ಏನಂತೈತಿ?”

“ರೊಟ್ಟಿ ರೊಟ್ಟಿ ಅಂತೈತಿ ಯಕ್ಕಾ.”

“ಕೇಳ್ರೇ, ಕೋಲು ಖರೇ ಹೇಳತೈತಿ!”

ನಾಲ್ಕನೆಯ ದಿನ ಕೋಲು ಎರಡನೆಯ ಬೇರಿಂಗು ಒಣಗಿದೆ ಎಂದು ಹೇಳಿತು. ಶನಿವಾರ ಬಿಚ್ಚಿ ನೋಡಿದರೆ ಎಣ್ಣೆಯ ಕೊಳವೆಯಲ್ಲಿ ಹತ್ತಿ ಕಟ್ಟಿಕೊಂಡಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಹೋಗುತ್ತಿತ್ತು. ಅಂದಿನಿಂದ ಯಾರೂ ನಗಲಿಲ್ಲ. ಕೊಟ್ರವ್ವ ಮಗಳು ಸಾವಂತ್ರಿಯ ಕೈಲಿ ನಮ್ಮ ಮನೆಗೆ ಹೊಸ ಲಟ್ಟಣಿಗೆಯೊಂದನ್ನು ಕಳಿಸಿದಳು. ಬೆಳಿಗ್ಗೆ ನಾನು ಕೋಲು ಹಿಡಿದು ಸಾಲಿನ ಕೊನೆಯವರೆಗೆ ಹೋಗಿ ತಲೆ ಆಡಿಸಿದ ಮೇಲೆಯೇ ಅವಳು ಮೊದಲ ಹಿಡಿ ಹತ್ತಿ ಎತ್ತುತ್ತಿದ್ದಳು. ಅದು ನನಗೆ ಹಿತವಾಗಿತ್ತು. ಹಿತವಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಹುಣ್ಣಿಮೆ ಬಂತು, ಸಂತೆ ಬಂತು. ನಾನು ಹೋಗಲಿಲ್ಲ. ಇರುವ ಕೋಲು ಸರಿಯಾಗಿತ್ತಲ್ಲ.

ಬಿಸಿಲು ಏರಿತು. ಮಾಡಿನ ತಗಡು ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತಿತ್ತು, ಕೋಲಿನ ಮೇಲರ್ಧ ಅದರ ಅಡಿಯಲ್ಲೇ ಇರುತ್ತಿತ್ತು. ಒಂದು ದಿನ ಬಿದಿರಿನ ಮೇಲೆ ಉದ್ದಕ್ಕೊಂದು ಸೀಳು ಕಂಡಿತು. ಹುರಿ ಸುತ್ತಿ ಬಿಗಿದೆ. ಮರುದಿನ ಭುಜದ ಮೇಲೆ ಏನೋ ಜಿಗುಟು. ಬೆರಳಿಗೆ ಹಚ್ಚಿ ಮೂಸಿದರೆ ಮೇಣದ ವಾಸನೆ. ಅಂಗಿಗೆ ಒರೆಸಿಕೊಂಡೆ. ಆ ಎರಡೂ ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡಲಿಲ್ಲ. ಎಲ್ಲದಕ್ಕೂ ಅನುಮಾನ ಪಡುವ ನಾನು ಅದೊಂದಕ್ಕೆ ಅನುಮಾನ ಪಡಲಿಲ್ಲ.

ಬುಧವಾರ ಒಂದನೆಯ ಬೇರಿಂಗಿನಲ್ಲಿ ಸದ್ದು ಮಂಕಾಗಿತ್ತು, ಇದ್ದೂ ಇಲ್ಲದಂತೆ. ನನ್ನ ಕಿವಿಯಲ್ಲಿ ಹತ್ತಿ ಸೇರಿರಬೇಕೆಂದು ಕಡ್ಡಿ ಹಾಕಿ ತೆಗೆದೆ. ಎರಡು, ಮೂರು, ನಾಲ್ಕು ಎಮ್ಮೆಯ ಉಸಿರಿನಂತಿದ್ದವು. ಐದಕ್ಕೆ ಮೊಳೆ ತಾಗಿಸಿ ಕಿವಿ ಇಟ್ಟೆ. ಕರಕರ. ನೂರು ಎಣಿಸಿದೆ, ಮತ್ತೆ ನೂರು. ಸಂಶಯವೇ ಇಲ್ಲ, ಉಸುಕು ಅಗಿಯುತ್ತಿತ್ತು. ಆರಕ್ಕೆ ಹೋದರೆ ಮತ್ತೆ ಎಮ್ಮೆಯ ಉಸಿರು.

ಸಾಹೇಬರ ಕೋಣೆಗೆ ಓಡಿದೆ. ಅವರು ನನ್ನ ಮಾತುಕೋಲಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದರು.

“ಬಿದಿರ ಮಾತು ಕೇಳಿ ನಡು ಸುಗ್ಗಿಯೊಳಗ ಶಾಫ್ಟ್ ನಿಲ್ಲಸ್ಲೇನು? ಶನಿವಾರ ಹೆಂಗೂ ನಿಲ್ಲತೈತಿ. ಆವಾಗ ಐದನೇದನ್ನ ಬದಲಿ ಮಾಡು.”

“ಅಲ್ಲೀತನಕ ಅದರ ಕೆಳಗ ಯಾರೂ ಕೂಡ್ರಬಾರದ್ರಿ ಸಾಹೇಬ್ರ.”

“ಮತ್ತ ಕೊಟ್ರವ್ವನ್ನ ಮನಿಗೆ ಕಳಸ್ಲಾ?”

“ನಾಲ್ಕನೇದ್ರಾಕಿ ಬಾಣಂತಿ ಅದಾಳ್ರಿ, ಆ ಜಾಗಾ ಖಾಲಿ ಐತಿ. ಅಲ್ಲಿ ಕೂಡ್ರಸೋಣ್ರಿ.”

ಆ ಮಾತು ಆಡಿದವನು ನಾನು, ಸಾಹೇಬರಲ್ಲ. ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಕೊಟ್ರವ್ವ ಏಳಲು ಒಪ್ಪಲಿಲ್ಲ. “ಹನ್ನೊಂದು ವರ್ಷ ಆತು ಇಲ್ಲಿ ಕುಂತು. ಆ ಮಿಷನ್ನಿನ ಬಾಯಿ ನನಗ ಗುರ್ತಿಲ್ಲ.”

“ಮೂರ ದಿನದ ಮಾತು ಯಕ್ಕಾ. ನಿನ್ನ ತಲಿ ಮ್ಯಾಲಿಂದು ಉಸುಕು ತಿನ್ನಾಕತ್ತೈತಿ.”

ಅವಳು ಮೇಲೆ ನೋಡಿದಳು, ಆಮೇಲೆ ನನ್ನನ್ನು. “ನೀನು ಹೇಳಿದಿ ಅಂತ ಏಳತೀನಿ ನೋಡು. ಸಾಹೇಬ ಹೇಳಿದ್ರ ಏಳ್ತಿದ್ದಿಲ್ಲ.” ತನ್ನ ನೀರಿನ ಚೊಂಬು ತೆಗೆದುಕೊಂಡು ನಾಲ್ಕಕ್ಕೆ ಹೋಗಿ ಕೂತಳು.

ಗುರುವಾರ ಐದು ಇನ್ನೂ ಹೆಚ್ಚು ಕರಕರ ಅಂದಿತು. ಶುಕ್ರವಾರ ಮಧ್ಯಾಹ್ನ ಅದು ಶನಿವಾರದವರೆಗೆ ತಡೆಯುತ್ತದೋ ಇಲ್ಲವೋ ಎಂಬ ಭಯದಿಂದ, ನಾಲ್ಕನ್ನು ಮುಗಿಸಿ ಮತ್ತೆ ಅದಕ್ಕೇ ಕೋಲು ಹಚ್ಚಿ ನಿಂತಿದ್ದೆ. ಸದ್ದು ಅಂದು ವಿಚಿತ್ರವಾಗಿತ್ತು: ಮೊದಲು ಜೋರಾಗಿ ಕರಕರ ಅಂದದ್ದು, ನಾನು ಬಹಳ ಹೊತ್ತು ನಿಂತ ಮೇಲೆ ನಿಂತುಹೋಗಿ ಎಮ್ಮೆಯ ಉಸಿರು ಕೇಳತೊಡಗಿತು. ಇದೇನೆಂದು ನನಗೆ ಅರ್ಥವಾಗಲಿಲ್ಲ. ಇನ್ನೊಂದು ನೂರು ಎಣಿಸೋಣ ಎಂದುಕೊಂಡೆ. ಎಪ್ಪತ್ತರ ಹತ್ತಿರ ಇದ್ದೆ. ಆಗ ದಿಮ್ಮಿಯ ಮೇಲಿದ್ದ ಹೆಂಗಸರೆಲ್ಲ ಒಮ್ಮೆಗೇ ಎದ್ದು ಬಾಗಿಲಿನ ಕಡೆ ಓಡಿದರು. ತನ್ನ ಯಂತ್ರದ ಪಟ್ಟಾ ಅದುರಿದ್ದು ಕಂಡು ಕೊಟ್ರವ್ವ ಹಿಮ್ಮಡಿಯಿಂದ ಎರಡು ಸಲ ಒದ್ದಿದ್ದಳಂತೆ. ದಿಮ್ಮಿಗೆ ತಾಗದೆ ನಿಂತಿದ್ದ ನನಗೆ ಅದು ಮುಟ್ಟಲಿಲ್ಲ. ಅವಳೊಬ್ಬಳು ಓಡಲಿಲ್ಲ. ನಾಲ್ಕರ ಮುಂದೆ ಎದ್ದು ನಿಂತು, ನನ್ನ ಕಡೆ ತಿರುಗಿ, ಬಾಯಿ ತೆರೆದು ಏನೋ ಹೇಳಿದಳು. ನಮ್ಮಿಬ್ಬರ ನಡುವೆ ಆರು ಅಡಿ ಗಾಳಿಯಿತ್ತು.

ನಾನು ಕರಟದಿಂದ ಕಿವಿ ತೆಗೆಯಲಿಲ್ಲ. ಅಂಗೈ ಎತ್ತಿ ತೋರಿಸಿದೆ: ತಡಿ.

ನಾಲ್ಕನೆಯ ಬೇರಿಂಗು ಒಡೆಯಿತು. ಶಾಫ್ಟು ಬಾಗಿತು, ಚಕ್ರ ಬಂತು. ನೆಲ ನಡುಗಿದ್ದು ಕಾಲಿನಲ್ಲಿ ಗೊತ್ತಾಯಿತು, ಅಷ್ಟೇ. ಗಾಳಿಯಲ್ಲಿ ಇನ್ನೂ ಹಳೆಯ ಸದ್ದೇ ಓಡಾಡುತ್ತಿತ್ತು, ಏನೂ ಆಗಿಲ್ಲವೆಂಬಂತೆ. ಕೋಲು ಎಸೆದು ಅವಳ ಕಡೆ ಓಡಿದೆ. ಅವಳ ಮಾತು ಆಗ ಅವಳಿಂದ ನನ್ನ ಕಡೆಗೆ ಹೊರಟಿತ್ತು. ನಾನು ಅದರೊಳಗಿಂದ ಹಾದು ಓಡಿದೆ. ಸೊಳ್ಳೆ ಕಿವಿಯ ಹತ್ತಿರ ಹೋದಷ್ಟು ಏನೋ ಆಯಿತು. ಅದು ಚೂರಾಯಿತು.

ನಾವು ನಾಲ್ಕು ಜನ ಚಕ್ರ ಎತ್ತಿದೆವು. ಅವಳನ್ನು ಹತ್ತಿ ತುಂಬುವ ತಾಡಪತ್ರಿಯ ಮೇಲೆ ಮಲಗಿಸಿ ಮೆಲ್ಲನೆ ಬಾಗಿಲಿಗೆ ತಂದಾಗ ಹಿಂದಿನಿಂದ ಚಕ್ರ ಬಿದ್ದ ಸದ್ದು ನಮ್ಮನ್ನು ಮುಟ್ಟಿತು. ತಾಡಪತ್ರಿಯ ಮೂಲೆ ಹಿಡಿದಿದ್ದ ಒಬ್ಬ ಬೆಚ್ಚಿ ಕೈಬಿಟ್ಟ. ಅವಳ ತಲೆ ನೆಲಕ್ಕೆ ತಾಗಿತು. ಅವಳಿಗೆ ಅದು ಗೊತ್ತಾಗುವಂತಿರಲಿಲ್ಲ.

ಕೊನೆಯ ಮಾತಿಗಾಗಿ ಇಂಜಿನ್ ಆರಿಸಿದರು. ಶೆಡ್ಡಿನ ಬಾಗಿಲಿನಿಂದ ಗೇಟಿನ ಬೇವಿನ ಮರದವರೆಗೆ ಜನ ಸಾಲಾಗಿ ನಿಂತರು. ಮಾತು ಮರಕ್ಕೆ ಬರಲು ಮುಕ್ಕಾಲು ತಾಸು, ಮೂರು ಓಣಿ ದಾಟಿ ಅವಳ ಮನೆಗೆ ಮುಟ್ಟಲು ದೀಪ ಹಚ್ಚುವ ಹೊತ್ತು ಎಂದು ಲೆಕ್ಕ ಹಾಕಿ ಸಾವಂತ್ರಿಗೆ ಹೇಳಿ ಕಳಿಸಿದರು. ದಾವಲಸಾಬರನ್ನು ಹೊರಸಿನ ಸಮೇತ ಹೊತ್ತು ತಂದು ನನ್ನ ಪಕ್ಕಕ್ಕೆ ಇಟ್ಟರು. ನಾನು ಮರದ ಕೆಳಗೆ ಅಲುಗದೆ ನಿಂತಿದ್ದೆ. ನನ್ನಿಂದ ಚೂರಾದದ್ದು ನನಗೆ ಮಾತ್ರ ಚೂರಾಗಿತ್ತು. ಉಳಿದೆಲ್ಲ ದಿಕ್ಕಿಗೂ ಅದು ಪೂರ್ತಿಯಾಗಿಯೇ ಹೊರಟಿತ್ತು. ಬರುವುದು ಕಾಣುತ್ತಿತ್ತು. ಮುಂದೆ ನಿಂತವರ ಮುಖಗಳು ಒಂದೊಂದಾಗಿ ಮೇಲಕ್ಕೆ ಏಳುತ್ತಿದ್ದವು, ಕೇಳಿದ ಮೇಲೆ ಕೆಳಗಾಗುತ್ತಿದ್ದವು. ಕೆಳಗೆ ಮಾಡುವ ಮೊದಲು ಕೆಲವರು ನನ್ನ ಕಡೆ ತಿರುಗಿ ನೋಡಿದರು. ನನ್ನ ಮುಂದಿದ್ದವನ ಮುಖ ಮೇಲೆದ್ದಾಗ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಒತ್ತಿ ಹಿಡಿದು ನೂರು ಎಣಿಸಿದೆ. ಅಂದು ಎಣಿಕೆ ತಪ್ಪಲಿಲ್ಲ.

ಕೈ ತೆಗೆದಾಗ ದಾವಲಸಾಬರು ನನ್ನನ್ನೇ ನೋಡುತ್ತಿದ್ದರು. ಕೋಲು ಚಾಚಲಿಲ್ಲ.

ಮರುದಿನ ಐದನೆಯ ಬೇರಿಂಗನ್ನು ಬಿಚ್ಚಿದರು. ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಬಿದಿರನ್ನು ದಾವಲಸಾಬರ ಮುಂದೆ ಸೀಳಿದೆವು. ಸೀಳಿನ ದಾರಿಯಲ್ಲಿ ಮೇಣವೆಲ್ಲ ಕರಗಿ ಸೋರಿತ್ತು. ಒಡೆದ ಮೈಯಲ್ಲಿ ಸದ್ದು ಸಾಗದೆ, ಒಳಗಿನ ಗಾಳಿಯಲ್ಲಿ ಇರುವೆಯಂತೆ ಇಳಿದು, ನಾನು ಮುಂದಿನ ಬೇರಿಂಗಿಗೆ ಹೋಗಿ ನಿಂತಾಗ ಕಿವಿಗೆ ಬರುತ್ತಿತ್ತು. ಐದರಲ್ಲಿ ನಿಂತು ನಾನು ಮೂರು ದಿನ ಕೇಳಿದ್ದು ನಾಲ್ಕರ ಸದ್ದನ್ನು. ಅದರ ಕೆಳಗಿನ ಜಾಗ ಖಾಲಿಯಿತ್ತು. ಅಲ್ಲಿ ಅವಳನ್ನು ಕೂರಿಸಿದೆ.

ದಾವಲಸಾಬರು ಟೊಳ್ಳಿನೊಳಗೆ ಬೆರಳಾಡಿಸಿ, ಮಾತುಕೋಲು ತೆಗೆದುಕೊಂಡು ಒಂದೇ ಮಾತು ಹೇಳಿದರು. “ನಾನು ಬೆರಳಲೆ ಬಡದು ನೋಡಿದ್ದೆ ಚನ್ನವೀರ. ಆವತ್ತು ತುಂಬಿತ್ತು.” ನನ್ನನ್ನು ಸಮಾಧಾನ ಮಾಡಲು ಹೇಳಿದರೋ ತಮ್ಮನ್ನೋ, ನಾನು ಕೇಳಲಿಲ್ಲ. ಆರು ತಿಂಗಳಲ್ಲಿ ಅವರೂ ಹೋದರು.

ವಿಚಾರಣೆಗೆ ಬಂದವರು ಅದನ್ನು ಆಕಸ್ಮಿಕವೆಂದು ಬರೆದುಕೊಂಡರು. ನನ್ನ ಕೋಲನ್ನು ಅವರು ನೋಡಲಿಲ್ಲ. ಈಗ ನನ್ನ ಹತ್ತಿರ ಗಟ್ಟಿ ಬಿದಿರಿನ ಕೋಲಿದೆ, ಸಂತೆಯಲ್ಲಿ ಗುಡ್ಡದವರಿಂದ ತಂದದ್ದು. ದಿನಾ ಬೆಳಿಗ್ಗೆ ಕೇಳಲು ಶುರು ಮಾಡುವ ಮೊದಲು ತುದಿಗೆ ಉಗುರಿನಿಂದ ಕುಟ್ಟಿ, ಆ ಕ್ಷಣವೇ ಕಿವಿಗೆ ಬಂತೇ ಎಂದು ನೋಡುತ್ತೇನೆ. ಇಷ್ಟು ಸಣ್ಣ ಪರೀಕ್ಷೆ. ಅಂದು ಮಾಡಿದ್ದರೆ ಸಾಕಿತ್ತು.

ಮುಂದಿನ ಸುಗ್ಗಿಗೆ ಸಾವಂತ್ರಿ ಕೆಲಸಕ್ಕೆ ಬಂದಳು. ಅವಳಿಗೆ ನಾಲ್ಕನೆಯದನ್ನೇ ಕೊಟ್ಟರು. ಅವಳ ತಲೆಯ ಮೇಲಿನ ಬೇರಿಂಗಿಗೆ ನಾನು ಇನ್ನೂರು ಎಣಿಸುತ್ತೇನೆ. ಅವಳು ಮೇಲೆ ನೋಡುವುದಿಲ್ಲ, ನನ್ನನ್ನೂ ನೋಡುವುದಿಲ್ಲ. ಕಳೆದ ವಾರ, ಊಟದ ಹೊತ್ತಿನಲ್ಲಿ, ಇದನ್ನು ಬರೆಯಲೇ ಎಂದು ಕೇಳಲು ಅವಳ ಹತ್ತಿರ ಹೋಗಿ ಕೋಲು ಚಾಚಿದೆ. ಹಿಡಿಯುತ್ತಾಳೆಂದು ನಂಬಿರಲಿಲ್ಲ. ಹಿಡಿದಳು.

“ಬರೀರಿ. ನಿಮ್ಮ ಕೈ, ನಿಮ್ಮ ಕಾಗದಾ.”

“ಅವತ್ತು ನಿಮ್ಮವ್ವ ನನ್ನ ಕಡೆ ನೋಡಿ ಏನೋ ಅಂದ್ಲು ತಂಗಿ. ಏನಂದ್ಲು?”

ಅವಳು ಬಹಳ ಹೊತ್ತು ಕೋಲು ಬಿಡಲಿಲ್ಲ. ಅವಳ ದವಡೆ ಅಲುಗುವುದು ನನ್ನ ಎಲುಬಿಗೆ ಗೊತ್ತಾಗುತ್ತಿತ್ತು.

“ಕೇಳಬೇಕಿತ್ತಂದ್ರ ಆವತ್ತ ಕಿವಿ ತೆರಕೊಂಡು ನಿಂದ್ರಬೇಕಿತ್ರಿ, ಕಾಕಾ.”

ಕೈಬಿಟ್ಟಳು. ಊಟದ ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೋದಳು.

ಕೊಟ್ರವ್ವ ನನಗೆ ಓಡು ಎಂದಳೋ, ಬೈದಳೋ, ಮಗಳ ಹೆಸರು ಹಿಡಿದಳೋ ನನಗೆ ಗೊತ್ತಿಲ್ಲ. ಹೆಂಗಸರ ಜೊತೆ ಅವಳೂ ಓಡಬಹುದಿತ್ತು. ನನಗಾಗಿ ನಿಂತಳೇ ಎಂಬುದೂ ಗೊತ್ತಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು, ನಾನು ಕೈ ಎತ್ತಿದ್ದೆ. ಇಷ್ಟು ಗೊತ್ತು.